ವಿಕಲ್ಪದ ಔಚಿತ್ಯ

ಆಟದ ನಿಯಮಗಳನ್ನು ಹೇಳುವ ಪುಸ್ತಕಕ್ಕೆ ಸಾಹಿತ್ಯದ ಪುಟದಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಕೇರಂ ಹಲಗೆಯ ಜೊತೆಗೆ ಬರುವ ಚೀಟಿಯನ್ನು ಯಾರೂ ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ಆದರೆ ನಾನಿಲ್ಲಿ ಹೇಳಹೊರಟಿರುವ ಆಟ ಬೇರೆ ಜಾತಿಯದು. ನಾಲ್ಕಾರು ಮಂದಿ ಒಂದು ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸುತ್ತಾರೆ. ಅವರಲ್ಲಿ ಒಬ್ಬನು ಮಾತ್ರ, ಪಾತ್ರಗಳು ಸಂಚರಿಸುವ ಲೋಕವನ್ನೂ ಅವಕ್ಕೆ ಎದುರಾಗುವ ಶತ್ರುಮಿತ್ರರನ್ನೂ ನಡೆಸುತ್ತಾನೆ. ಇಂಗ್ಲಿಷಿನಲ್ಲಿ ಅವನನ್ನು ಡಂಜನ್ ಮಾಸ್ಟರ್ ಎನ್ನುತ್ತಾರೆ. ನಾನು ಸೂತ್ರಧಾರನೆಂದೇ ಕರೆಯುತ್ತೇನೆ. ಕಥೆ ಬಾಯಿಮಾತಿನಲ್ಲೇ ಬೆಳೆಯುತ್ತದೆ. ಕತ್ತಿ ತಾಗಿತೇ ತಪ್ಪಿತೇ, ಬಾಗಿಲು ಮುರಿಯಿತೇ ಇಲ್ಲವೇ ಎಂಬ ಸಂದೇಹ ಬಂದಲ್ಲಿ ದಾಳ ಉರುಳಿ ತೀರ್ಮಾನ ಹೇಳುತ್ತದೆ. ಹೀಗೆ ಹುಟ್ಟುವ ಕಥೆಗೆ ನಿಯಮದ ಪುಸ್ತಕವು ಕಾವ್ಯಕ್ಕೆ ಲಕ್ಷಣಗ್ರಂಥವಿದ್ದಂತೆ. ಯಾವುದು ಶಕ್ಯ, ಯಾವುದಕ್ಕೆ ಬೆಲೆ, ಯಾವ ಸಾಹಸಕ್ಕೆ ಏನು ದಂಡ ಎಂಬುದನ್ನು ಅದು ಗೊತ್ತುಮಾಡುತ್ತದೆ. ಆದ್ದರಿಂದ ಅದನ್ನು ವಿಮರ್ಶೆಯ ಕಣ್ಣಿನಿಂದ ನೋಡುವುದು ಅನುಚಿತವಲ್ಲ.

ಈ ಜಾತಿಯ ಆಟಗಳಲ್ಲಿ ಮೊದಲು ಅಚ್ಚಾಗಿ ಹೆಸರಾದದ್ದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರು ಅದನ್ನು 1974ರಲ್ಲಿ ಮೂರು ಸಣ್ಣ ಪುಸ್ತಿಕೆಗಳಾಗಿ ಹೊರತಂದರು. 2014ರಲ್ಲಿ ಅದರ ಐದನೆಯ ಆವೃತ್ತಿ ಬಂತು. 2024ರಲ್ಲಿ ಆ ಆವೃತ್ತಿಯ ಪರಿಷ್ಕರಣ ಹೊರಬರತೊಡಗಿತು. ನಾನು ಇಲ್ಲಿ ಮುಖ್ಯವಾಗಿ ನೋಡುವುದು 2014ರ ಎರಡು ಗ್ರಂಥಗಳನ್ನು: ಆಟಗಾರರ ಕೈಪಿಡಿಯಾದ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’, ಸೂತ್ರಧಾರನ ಕೈಪಿಡಿಯಾದ ‘ಡಂಜನ್ ಮಾಸ್ಟರ್ಸ್ ಗೈಡ್’. ಎರಡರಲ್ಲೂ ಅಲ್ಲಲ್ಲಿ ಕೆಲವು ನಿಯಮಗಳಿಗೆ ‘ಐಚ್ಛಿಕ’ ಎಂದೋ ‘ಪರ್ಯಾಯ’ ಎಂದೋ ಹಣೆಪಟ್ಟಿ ಇದೆ. ಬೇಕಾದರೆ ಇಟ್ಟುಕೊಳ್ಳಿ, ಬೇಡವಾದರೆ ಬಿಡಿ ಎಂದು ಅದರ ಅರ್ಥ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು?

ಇದು ರುಚಿಯ ಪ್ರಶ್ನೆಯೆಂದೂ, ಎಲೆಗೆ ಉಪ್ಪಿನಕಾಯಿ ಬಡಿಸಿಕೊಂಡಷ್ಟೇ ಹಗುರವೆಂದೂ ತಿಳಿಯುವವರು ಬಹಳ. ಆಟವನ್ನು ಆಡಿಯೂ ಆಡಿಸಿಯೂ ಬಲ್ಲ ನನಗೆ ಹಾಗೆ ತೋರುವುದಿಲ್ಲ. ಒಂದು ಐಚ್ಛಿಕ ನಿಯಮವನ್ನು ಒಳಗೆ ಬಿಟ್ಟುಕೊಂಡ ಕೂಡಲೆ ಮೇಜಿನ ಸುತ್ತ ಕುಳಿತವರಲ್ಲಿ ಯಾರೋ ಒಬ್ಬರ ಆಯ್ಕೆಯ ಬೆಲೆ ಏರುತ್ತದೆ. ಇನ್ನು ಯಾರದೋ ಇಳಿಯುತ್ತದೆ. ಆ ಏರಿಳಿತವನ್ನು ಅಳೆಯದೆ ಕೊಟ್ಟ ಅನುಮತಿ ಔದಾರ್ಯವಲ್ಲ, ಅಜಾಗರೂಕತೆ. ನಾನು ಹೇಳಬೇಕೆಂದಿರುವ ಮಾತು ಇಷ್ಟೇ. ಉಳಿದದ್ದು ಅದರ ಸಮರ್ಥನೆ.

ಮೊದಲು ಆಟದ ಇತಿಹಾಸವನ್ನೇ ನೋಡೋಣ. ಇಂದು ಈ ಆಟದ ಗುರುತೇ ಆಗಿರುವ ಇಪ್ಪತ್ತು ಮುಖದ ದಾಳವು 1974ರ ಪುಸ್ತಿಕೆಯಲ್ಲಿ ಕಾಳಗಕ್ಕೆ ‘ಪರ್ಯಾಯ’ ಪದ್ಧತಿಯಾಗಿ ಬಂದದ್ದು. ಅದಕ್ಕೆ ಮೊದಲು ಗೈಗ್ಯಾಕ್ಸರು ಜೆಫ್ ಪೆರೆನ್ ಎಂಬವರೊಡನೆ 1971ರಲ್ಲಿ ಪ್ರಕಟಿಸಿದ್ದ ‘ಚೈನ್‌ಮೇಲ್’ ಎಂಬ ಯುದ್ಧದಾಟದ ಪದ್ಧತಿಯನ್ನೇ ಆಟಗಾರರು ಬಳಸಬಹುದೆಂದು ಎಣಿಸಲಾಗಿತ್ತು. ಪರ್ಯಾಯವೆಂದು ಬಾಗಿಲಲ್ಲಿ ನಿಂತಿದ್ದುದು ಒಳಗೆ ಬಂದು ಮನೆಯ ಯಜಮಾನನಾಯಿತು. ಇದಕ್ಕೆ ವಿರುದ್ಧವಾದ ಪ್ರಯಾಣವೂ ಉಂಟು. ಮೊದಲ ಆಟದಲ್ಲಿ ಪಾತ್ರ ಬೆಳೆಯುತ್ತಿದ್ದುದು ಬಹುಮಟ್ಟಿಗೆ ನೆಲಮಾಳಿಗೆಯಿಂದ ಹೊತ್ತು ತಂದ ನಿಧಿಯ ಲೆಕ್ಕದ ಮೇಲೆ. ಆದ್ದರಿಂದ ಎಷ್ಟು ಭಾರ ಹೊರಬಲ್ಲೆ ಎಂಬುದು ಅಂದು ಆಟದ ಪ್ರಾಣಪ್ರಶ್ನೆ. ಭಾರವನ್ನು ಎಣಿಸುತ್ತಿದ್ದುದೂ ಚಿನ್ನದ ನಾಣ್ಯಗಳ ತೂಕದಲ್ಲೇ. 1989ರ ಎರಡನೆಯ ಆವೃತ್ತಿಗೆ ಬರುವ ಹೊತ್ತಿಗೆ ನಿಧಿಗಾಗಿ ಅನುಭವಾಂಕ ಕೊಡುವುದೂ ಐಚ್ಛಿಕವಾಯಿತು, ಹೊರೆಯ ನಿಯಮವೂ ಐಚ್ಛಿಕವಾಯಿತು. ಕಳ್ಳರ ಸಾಹಸದಂತಿದ್ದ ಆಟ ವೀರರ ಕಥೆಯಾಗಿ ಬದಲಾದದ್ದಕ್ಕೆ ಈ ಎರಡು ಹಣೆಪಟ್ಟಿಗಳೇ ಸಾಕ್ಷಿ. ಇನ್ನೊಂದು ಉದಾಹರಣೆ: ಪಾತ್ರಕ್ಕೆ ವಿಶೇಷ ಪರಿಣತಿ ಕೊಡುವ ‘ಫೀಟ್’ಗಳು 2014ರಲ್ಲಿ ಐಚ್ಛಿಕ, 2024ರಲ್ಲಿ ಮೂಲನಿಯಮದ ಅಂಗ. ಹೀಗಿರುವಾಗ ಐಚ್ಛಿಕವೆಂದರೆ ಅಮುಖ್ಯ ಎಂದು ಯಾರು ಹೇಳಿಯಾರು?

ಇನ್ನು ಒಂದೊಂದಾಗಿ ಪರೀಕ್ಷಿಸೋಣ. ಸೂತ್ರಧಾರನ ಕೈಪಿಡಿಯಲ್ಲಿ ‘ಫ್ಲ್ಯಾಂಕಿಂಗ್’ ಎಂಬ ಐಚ್ಛಿಕ ನಿಯಮವಿದೆ. ಶತ್ರುವಿನ ಎರಡು ಎದುರು ಬದಿಗಳಲ್ಲಿ ಇಬ್ಬರು ಮಿತ್ರರು ನಿಂತರೆ ಅವರ ಕೈಕಾಳಗದ ಹೊಡೆತಗಳಿಗೆ ‘ಅಡ್ವಾಂಟೇಜ್’ ಸಿಗುತ್ತದೆ. ಎಂದರೆ ಒಂದು ದಾಳದ ಬದಲು ಎರಡನ್ನು ಎಸೆದು ಹೆಚ್ಚು ಬಿದ್ದದ್ದನ್ನು ಎಣಿಸಿಕೊಳ್ಳಬಹುದು. ಕೇಳುವುದಕ್ಕೆ ಬಹು ನ್ಯಾಯವಾದ ಮಾತು. ಇಬ್ಬರ ನಡುವೆ ಸಿಕ್ಕಿಬಿದ್ದವನಿಗೆ ತೊಂದರೆಯಾಗುವುದು ಲೋಕಾನುಭವ. ಆದರೆ ಲೆಕ್ಕ ಹಾಕಿ ನೋಡಿ. ತಾಗಲು 11 ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕಾದಲ್ಲಿ ಒಂದು ದಾಳದಿಂದ ನೂರಕ್ಕೆ 50 ಸಲ ಏಟು ಬೀಳುತ್ತದೆ. ಅಡ್ವಾಂಟೇಜಿನಿಂದ 75 ಸಲ. ನಾಲ್ಕು ಹೆಜ್ಜೆ ಸರಿದು ನಿಂತದ್ದಕ್ಕೆ ಇಷ್ಟು ದೊಡ್ಡ ಬಹುಮಾನ!

ಈ ಬಹುಮಾನಕ್ಕೆ ತೆರುವವರು ಯಾರು? ಬಾರ್ಬೇರಿಯನ್ ಎಂಬ ವರ್ಗದ ಯೋಧನಿಗೆ ಎರಡನೆಯ ಹಂತದಲ್ಲೇ ಒಂದು ಶಕ್ತಿ ಬರುತ್ತದೆ. ತನ್ನ ರಕ್ಷಣೆಯ ಪರಿವೆ ಬಿಟ್ಟು ಮೈಮೇಲೆ ಬಿದ್ದರೆ ಅವನಿಗೆ ಇದೇ ಅಡ್ವಾಂಟೇಜ್ ಸಿಗುತ್ತದೆ. ಪ್ರತಿಯಾಗಿ ಅವನ ಮುಂದಿನ ಸರದಿಯವರೆಗೆ ಶತ್ರುಗಳಿಗೂ ಅವನ ಮೇಲೆ ಅದೇ ಸವಲತ್ತು. ಪ್ರಾಣವನ್ನು ಅಡವಿಟ್ಟು ಪಡೆದ ಲಾಭ ಅದು. ಆ ಪಾತ್ರದ ಸ್ವಾರಸ್ಯವೆಲ್ಲ ಆ ಒಂದು ಚೌಕಾಸಿಯಲ್ಲಿದೆ. ಅದೇ ಲಾಭ ಪಕ್ಕದವನಿಗೆ ಪುಕ್ಕಟೆಯಾಗಿ ಸಿಗುವಾಗ ಅವನ ಧೈರ್ಯಕ್ಕೆ ಉಳಿದ ಬೆಲೆಯೇನು? ಸವಲತ್ತು ಎರಡು ಕಡೆಯಿಂದ ಬಂದರೂ ಮೂರನೆಯ ದಾಳ ಸಿಗುವುದಿಲ್ಲ. ಎಲ್ಲರೂ ಪಲ್ಲಕ್ಕಿಯಲ್ಲಿ ಕೂತರೆ ಹೊರುವವರಾರು ಎಂಬ ಗಾದೆ ಇಲ್ಲಿ ನೆನಪಾಗುತ್ತದೆ. ಅಷ್ಟೇ ಅಲ್ಲ, ನಿಯಮ ಶತ್ರುಗಳಿಗೂ ಅನ್ವಯಿಸುವುದರಿಂದ ಹತ್ತು ಮಂದಿಯ ಪುಂಡರ ಗುಂಪು ಮೊದಲಿಗಿಂತ ಬಹಳ ಭೀಕರವಾಗುತ್ತದೆ. ಅದನ್ನು ಮುನ್ನೆಲೆಯಲ್ಲಿ ನಿಂತು ತಾಳಿಕೊಳ್ಳಬೇಕಾದವನು ಮತ್ತೆ ಅದೇ ಯೋಧ.

ಐಚ್ಛಿಕ ನಿಯಮಗಳು ಒಂಟಿಯಾಗಿ ಇರುವುದಿಲ್ಲವೆಂಬುದು ಇನ್ನೊಂದು ಮಾತು. 2014ರ ಫೀಟ್‌ಗಳಲ್ಲಿ ‘ಗ್ರೇಟ್ ವೆಪನ್ ಮಾಸ್ಟರ್’ ಎಂಬುದೊಂದಿದೆ. ಭಾರವಾದ ಆಯುಧ ಹಿಡಿದವನು ತನ್ನ ದಾಳದ ಫಲದಿಂದ 5 ಕಳೆದುಕೊಂಡರೆ, ತಾಗಿದ ಏಟಿಗೆ 10 ಅಂಕದ ಹೆಚ್ಚು ಪೆಟ್ಟು. 50 ಸಲ ತಾಗುತ್ತಿದ್ದವನಿಗೆ ಈಗ 25 ಸಲವೇ ತಾಗುತ್ತದೆ. ಆದ್ದರಿಂದ ಅವನು ಯೋಚಿಸಿ ಕೈ ಎತ್ತಬೇಕು. ಇದು ಚೆಲುವಾದ ನಿಯಮ, ಆಟಗಾರನನ್ನು ಯೋಚನೆಗೆ ಹಚ್ಚುವ ನಿಯಮ. ಇದರ ಪಕ್ಕದಲ್ಲಿ ಫ್ಲ್ಯಾಂಕಿಂಗನ್ನು ತಂದಿರಿಸಿ. ಅದೇ 25 ಈಗ ಸುಮಾರು 44 ಆಗುತ್ತದೆ. ಕಳೆದುಕೊಂಡದ್ದರಲ್ಲಿ ಬಹುಪಾಲು ಹಿಂದಕ್ಕೆ ಬಂತು. 10 ಅಂಕದ ಪೆಟ್ಟು ಹಾಗೆಯೇ ಉಳಿಯಿತು. ಇನ್ನು ಯೋಚಿಸುವುದೇನಿದೆ? ಒಂದೊಂದಾಗಿ ನೋಡಿದರೆ ನಿರಪರಾಧಿಗಳಾದ ಎರಡು ನಿಯಮಗಳು ಜೊತೆಗೂಡಿ ಒಂದು ಆಯ್ಕೆಯನ್ನು ಕೊಂದುಹಾಕಿದವು. ಪುಸ್ತಕದಲ್ಲಿ ಒಂದು ಒಂದು ಕಡೆ, ಇನ್ನೊಂದು ಬೇರೊಂದು ಗ್ರಂಥದಲ್ಲಿ. ಇವು ಕೂಡಿದರೆ ಹೀಗಾದೀತೆಂಬ ಎಚ್ಚರಿಕೆ ಎರಡರಲ್ಲೂ ಇಲ್ಲ.

ಪುಸ್ತಕದಲ್ಲಿಲ್ಲದಿದ್ದರೂ ಮೇಜುಗಳ ಮೇಲೆ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ‘ಮನೆ ನಿಯಮ’ವನ್ನೂ ಇಲ್ಲಿ ಹೇಳಬೇಕು. ದಾಳದಲ್ಲಿ 1 ಬಿದ್ದರೆ ಏಟು ತಪ್ಪುವುದು ಮಾತ್ರವಲ್ಲ, ಕತ್ತಿ ಕೈಜಾರಿ ಬೀಳಬೇಕು ಅಥವಾ ಗೆಳೆಯನಿಗೇ ತಾಗಬೇಕು. ನಗೆ ಬರುತ್ತದೆ ನಿಜ. ಆದರೆ ನಗೆಯ ವೆಚ್ಚವನ್ನು ನೋಡಿ. ಹೊಸಬನಾದ ಯೋಧ ಒಂದು ಸುತ್ತಿನಲ್ಲಿ ಒಮ್ಮೆ ಬೀಸುತ್ತಾನೆ. ಅವನ ಕತ್ತಿ ಬೀಳುವ ಸಂಭವ ನೂರಕ್ಕೆ 5. ಐದನೆಯ ಹಂತದಲ್ಲಿ ಎರಡು ಸಲ, ಹನ್ನೊಂದರಲ್ಲಿ ಮೂರು ಸಲ, ಇಪ್ಪತ್ತರಲ್ಲಿ ನಾಲ್ಕು ಸಲ ಬೀಸುವ ಶಕ್ತಿ ಅವನಿಗೆ ಬರುತ್ತದೆ. ನಾಲ್ಕು ಸಲ ಬೀಸುವ ಮಹಾವೀರನ ಕತ್ತಿ ಒಂದು ಸುತ್ತಿನಲ್ಲಿ ಒಮ್ಮೆಯಾದರೂ ಬೀಳುವ ಸಂಭವ ನೂರಕ್ಕೆ 18ಕ್ಕೂ ಹೆಚ್ಚು. ಅಭ್ಯಾಸ ಹೆಚ್ಚಿದಷ್ಟೂ ಕೈ ಜಾರುವ ಗರಡಿಯನ್ನು ಯಾರು ಕಂಡಿದ್ದಾರೆ? ಇತ್ತ ಬೆಂಕಿಯ ಉಂಡೆ ಎಸೆಯುವ ಮಾಂತ್ರಿಕ ದಾಳವನ್ನೇ ಉರುಳಿಸುವುದಿಲ್ಲ. ತಪ್ಪಿಸಿಕೊಳ್ಳಲು ದಾಳ ಎಸೆಯಬೇಕಾದವರು ಎದುರಾಳಿಗಳು. ಅವನ ಕೈ ಎಂದೂ ಜಾರುವುದಿಲ್ಲ.

ಸೂತ್ರಧಾರನ ಕೈಪಿಡಿಯ ಒಂಬತ್ತನೆಯ ಅಧ್ಯಾಯದಲ್ಲಿರುವ ಶಾಶ್ವತ ಗಾಯಗಳ ನಿಯಮಕ್ಕೂ ಇದೇ ದೋಷವಿದೆ. ಭಾರಿ ಏಟು ಬಿದ್ದಾಗ ಕಣ್ಣೋ ಕೈಯೋ ಕಾಲೋ ಹೋಗಬಹುದು. ರಾಕ್ಷಸನ ಆಯುಸ್ಸು ಒಂದು ಕಾಳಗದಷ್ಟು. ಕಣ್ಣು ಹೋದರೆ ಅವನಿಗೆ ನಷ್ಟವೇನು? ನೂರು ಕಾಳಗ ಕಾದಬೇಕಾದ ಪಾತ್ರಕ್ಕೆ ಮಾತ್ರ ಅದು ನಷ್ಟ. ಅದರಲ್ಲೂ ಮುಂದೆ ನಿಂತು ಇತರರನ್ನು ಕಾಯುವ ಪಾತ್ರಕ್ಕೆ. ನೈಜತೆಯ ಹೆಸರಿನಲ್ಲಿ ಬಂದ ನಿಯಮ ತ್ಯಾಗಕ್ಕೆ ದಂಡ ಹಾಕಿ ಅಡಗಿ ಕುಳಿತವನಿಗೆ ಮಾಫಿ ಕೊಡುತ್ತದೆ. ಯುದ್ಧದ ಕ್ರೌರ್ಯವನ್ನೇ ವಸ್ತುವಾಗಿಟ್ಟುಕೊಂಡ ಕಥೆಯಲ್ಲಿ ಇದು ಸಲ್ಲಬಹುದು. ಎಲ್ಲ ಕಥೆಗೂ ಸಲ್ಲದು.

ಹಾಗಾದರೆ ಐಚ್ಛಿಕ ನಿಯಮಗಳೆಲ್ಲ ಕೆಟ್ಟವೆಂದು ನನ್ನ ಅಭಿಪ್ರಾಯವೇ? ಅಲ್ಲ. ವಿಶ್ರಾಂತಿಯ ನಿಯಮವನ್ನು ತೆಗೆದುಕೊಳ್ಳಿ. ಮೂಲದಲ್ಲಿ ಚಿಕ್ಕ ವಿಶ್ರಾಂತಿ 1 ಗಂಟೆ, ದೊಡ್ಡ ವಿಶ್ರಾಂತಿ 8 ಗಂಟೆ. ಒಂದು ರಾತ್ರಿ ಮಲಗಿ ಎದ್ದರೆ ಗಾಯಗಳು ಮಾಯುತ್ತವೆ, ಮಾಂತ್ರಿಕನ ಮಂತ್ರಗಳು ಮರಳುತ್ತವೆ. ‘ಗ್ರಿಟಿ ರಿಯಲಿಸಂ’ ಎಂಬ ಪರ್ಯಾಯದಲ್ಲಿ ಚಿಕ್ಕದಕ್ಕೆ 8 ಗಂಟೆ, ದೊಡ್ಡದಕ್ಕೆ 7 ದಿನ. ಬದಲಾದದ್ದು ಎರಡು ಸಂಖ್ಯೆ ಮಾತ್ರ; ಆದರೆ ಕಥೆಯ ನಡಿಗೆಯೇ ಬೇರೆಯಾಯಿತು. ದಿನಕ್ಕೊಂದು ಕಾಳಗ ನಡೆಯುವ ಕಡೆ ಈಗ ವಾರಕ್ಕೆ ಎರಡೋ ಮೂರೋ ನಡೆದಾವು. ನಡುವೆ ಊರಿನ ಜನ, ಸಂಧಾನ, ಪಿತೂರಿ ಇವಕ್ಕೆ ಎಡೆ ದೊರೆಯುತ್ತದೆ. ಇಂಥ ರಾಜಕಾರಣದ ಕಥೆಗೆ ಇದು ಒಪ್ಪುತ್ತದೆಂದು ಗ್ರಂಥಕರ್ತರೇ ಸೂಚಿಸಿದ್ದಾರೆ. ಆ ಮಟ್ಟಿಗೆ ಅವರು ಅಭಿನಂದನೀಯರು. ಆದರೆ ಸೂತ್ರಧಾರ ಗಡಿಯಾರವನ್ನು ಬದಲಾಯಿಸಿ ಕಥೆಯನ್ನು ಹಳೆಯ ಅವಸರದಲ್ಲೇ ಓಡಿಸಿದರೆ ಮಾಂತ್ರಿಕ ಬರಿಗೈಯಲ್ಲಿ ನಿಲ್ಲುತ್ತಾನೆ. 8 ಗಂಟೆ ಬಾಳುವ ಅವನ ರಕ್ಷಾಮಂತ್ರ ಮೊದಲು ಒಂದು ದಿನದ ಸಾಹಸಕ್ಕೆ ಸಾಕಾಗುತ್ತಿತ್ತು. ಈಗ ಒಂದು ವಾರದ ಸಾಹಸಕ್ಕೂ ಅದೇ 8 ಗಂಟೆ. ಮಂತ್ರಗಳ ಅವಧಿಯನ್ನೂ ತಕ್ಕಂತೆ ಎಳೆಯಬೇಕಾದೀತೆಂದು ಅಲ್ಲೇ ಒಂದು ಸಾಲು ಬರೆದಿದ್ದರೆ ಎಷ್ಟೋ ಮೇಜುಗಳ ಮನಸ್ತಾಪ ತಪ್ಪುತ್ತಿತ್ತು.

ಹೊರೆಯ ನಿಯಮವೂ ಹೀಗೆಯೇ. 2014ರ ಮೂಲನಿಯಮದಂತೆ ಪಾತ್ರದ ಬಲದ ಅಂಕವನ್ನು 15ರಿಂದ ಗುಣಿಸಿದಷ್ಟು ಪೌಂಡುಗಳನ್ನು ಹೊರಬಹುದು. ಬಲ 15 ಇದ್ದವನಿಗೆ 225 ಪೌಂಡ್. ಲೆಕ್ಕವಿಡುವ ಗೋಜೇ ಇಲ್ಲ. ಐಚ್ಛಿಕ ನಿಯಮದಲ್ಲಾದರೋ ಬಲದ ಐದರಷ್ಟನ್ನು ದಾಟಿದ ಕೂಡಲೆ ನಡಿಗೆಯ ವೇಗ 10 ಅಡಿ ಕುಗ್ಗುತ್ತದೆ. ಆ 15ರ ಬಲದವನಿಗೆ ಮಿತಿ 75 ಪೌಂಡ್. ಲೋಹದ ಪೂರ್ಣ ಕವಚ 65, ಗುರಾಣಿ 6, ಉದ್ದ ಕತ್ತಿ 3, ಒಟ್ಟು 74. ಉಳಿದ ಒಂದು ಪೌಂಡಿನಲ್ಲಿ ಅವನು ಒಂದು ಪಂಜನ್ನು ಹಿಡಿಯಬಹುದು. ಹಗ್ಗಕ್ಕೆ 10 ಪೌಂಡ್, ದಿನದ ಬುತ್ತಿಗೆ 2, ತುಂಬಿದ ನೀರಿನ ಚೀಲಕ್ಕೆ 5. ಇವನ್ನೆಲ್ಲ ಯಾರು ಹೊರಬೇಕು? ಕಾಡು, ಮರುಭೂಮಿ, ನೆಲಮಾಳಿಗೆಗಳ ಕಥೆಯಲ್ಲಿ ಈ ಪ್ರಶ್ನೆಯೇ ನಾಟಕ. ನೀರನ್ನು ಬಿಡುವೆಯೋ ಕವಚವನ್ನು ಬಿಡುವೆಯೋ ಎಂದು ಕೇಳಿದಾಗ ಪಾತ್ರದ ಸ್ವಭಾವ ಹೊರಬೀಳುತ್ತದೆ. ಅರಮನೆಯ ಓಲಗದಲ್ಲಿ ನಡೆಯುವ ಕಥೆಯಲ್ಲಿ ಇದೇ ನಿಯಮ ಶಾನುಭೋಗಿಕೆ ಮಾತ್ರ.

ಗ್ರಂಥದ ಮೇಲೆ ನನ್ನ ಮುಖ್ಯ ಆಕ್ಷೇಪ ಇಲ್ಲಿದೆ. ನಮ್ಮ ವ್ಯಾಕರಣದವರು ವಿಕಲ್ಪವೆಂಬುದನ್ನು ಚೆನ್ನಾಗಿ ಬಲ್ಲರು: ಆಗಬಹುದು, ಆಗದೆಯೂ ಇರಬಹುದು ಎಂಬ ವಿಧಿ ಅದು. ಪಾಣಿನಿ ಅದಕ್ಕೆ ಮುಖ್ಯವಾಗಿ ಮೂರು ಮಾತುಗಳನ್ನು ಬಳಸಿದ್ದಾನೆ: ‘ವಾ’, ‘ವಿಭಾಷಾ’, ‘ಅನ್ಯತರಸ್ಯಾಮ್’. ಸಂಪ್ರದಾಯದ ವ್ಯಾಖ್ಯಾನ ಮೂರಕ್ಕೂ ಒಂದೇ ಅರ್ಥ ಹೇಳುತ್ತದೆ. 1979ರಲ್ಲಿ ಪಾಲ್ ಕಿಪಾರ್ಸ್ಕಿ ಎಂಬ ಭಾಷಾವಿಜ್ಞಾನಿ ಬೇರೊಂದು ವಾದ ಹೂಡಿದರು. ‘ವಾ’ ಎಂದರೆ ಆಗುವುದೇ ಮೇಲು, ‘ವಿಭಾಷಾ’ ಎಂದರೆ ಆಗದಿರುವುದೇ ಮೇಲು, ‘ಅನ್ಯತರಸ್ಯಾಮ್’ ಎಂದರೆ ಹೇಗಾದರೂ ಸರಿ ಎಂಬುದು ಅವರ ಮತ. ಒಪ್ಪುವುದು ಬಿಡುವುದು ವೈಯಾಕರಣರಿಗೆ ಸೇರಿದ್ದು. ಆದರೆ ಭೇದ ಮಾತ್ರ ಬಹು ಬೆಲೆಯುಳ್ಳದ್ದು. ಈ ಆಟದ ಗ್ರಂಥಕರ್ತರು ಎಲ್ಲ ವಿಕಲ್ಪಗಳಿಗೂ ಒಂದೇ ಹಣೆಪಟ್ಟಿ ಹಚ್ಚಿಬಿಟ್ಟಿದ್ದಾರೆ. ನನ್ನನ್ನು ಕೇಳಿದರೆ ಫೀಟ್‌ಗಳು ‘ವಾ’ ಜಾತಿಗೆ ಸೇರಿದವು. ಅವುಗಳ ಮೂಲಕ ಒಬ್ಬ ಯೋಧ ಇನ್ನೊಬ್ಬನಿಗಿಂತ ಬೇರೆಯಾಗುತ್ತಾನೆ. ಹತ್ತು ವರ್ಷಗಳ ಮೇಲೆ ಪ್ರಕಾಶಕರು ಅವನ್ನು ಮೂಲಕ್ಕೆ ಸೇರಿಸಿದ್ದೂ ಇದನ್ನೇ ಹೇಳುತ್ತದೆ. ಫ್ಲ್ಯಾಂಕಿಂಗ್, ಶಾಶ್ವತ ಗಾಯ, ಕತ್ತಿ ಜಾರುವ ನಿಯಮ ಇವು ‘ವಿಭಾಷಾ’. ಬಲವಾದ ಕಾರಣವಿಲ್ಲದೆ ತರಬಾರದು. ವಿಶ್ರಾಂತಿ ಮತ್ತು ಹೊರೆ ‘ಅನ್ಯತರಸ್ಯಾಮ್’. ಕಥೆಯ ಔಚಿತ್ಯವನ್ನು ನೋಡಿ ತೀರ್ಮಾನಿಸತಕ್ಕವು.

ಇಷ್ಟೆಲ್ಲ ತೂಗುವುದೇಕೆ, ಸೂತ್ರಧಾರನ ವಿವೇಕಕ್ಕೆ ಬಿಟ್ಟರೆ ಸಾಲದೇ ಎಂಬ ಆಕ್ಷೇಪ ಉಂಟು. ಅದು ಹಳೆಯದು, ಗೌರವಿಸತಕ್ಕದ್ದು. ಈ ಆಟಗಳ ಪೂರ್ವಜವಾದ ‘ಕ್ರೀಗ್‌ಸ್ಪೀಲ್’ ಎಂಬ ಯುದ್ಧಾಭ್ಯಾಸದ ಆಟವನ್ನು ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ವಿಸ್ತಾರವಾದ ನಿಯಮಗಳೊಡನೆ ಪ್ರಕಟಿಸಿದ. ನಿಯಮಗಳ ಹೊರೆಯಿಂದ ಆಟ ಕುಂಟುತ್ತಿದೆಯೆಂದು ವೆರ್ಡಿ ಡು ವೆರ್ನೊವಾ ಎಂಬ ಸೇನಾನಿ 1876ರಲ್ಲಿ ಅವನ್ನು ಬಹುಮಟ್ಟಿಗೆ ಕೈಬಿಟ್ಟು ಅನುಭವಿಯಾದ ಮಧ್ಯಸ್ಥನ ತೀರ್ಪೇ ಸಾಕೆಂದು ಸಾರಿದ. ಆದರೆ ಅಲ್ಲಿ ಮಧ್ಯಸ್ಥ ಯುದ್ಧ ಕಂಡ ಅಧಿಕಾರಿ. ಅವನ ಮಾತಿಗೆ ಹಿಂದೆ ಒಂದು ಸೇನೆಯ ಅನುಭವವಿತ್ತು. ನಮ್ಮ ಸೂತ್ರಧಾರ ಗೆಳೆಯರ ನಡುವಿನ ಗೆಳೆಯ. ಅವನ ಅಧಿಕಾರಕ್ಕೆ ಆಧಾರ ಉಳಿದವರ ನಂಬಿಕೆಯೊಂದೇ. ಆ ನಂಬಿಕೆ ಒಡೆದರೆ ಆಟಕ್ಕೆ ಮೇಲ್ಮನವಿಯ ಕೋರ್ಟಿಲ್ಲ. ಮುಂದಿನ ವಾರ ಒಂದು ಕುರ್ಚಿ ಖಾಲಿಯಾಗುತ್ತದೆ, ಅಷ್ಟೇ.

ಬಾರ್ಬೇರಿಯನ್ ಪಾತ್ರವನ್ನು ಆರಿಸಿಕೊಂಡು ಒಬ್ಬ ಹುಡುಗಿ ಮೂರು ತಿಂಗಳು ಆಡಿದ್ದಾಳೆಂದು ಇಟ್ಟುಕೊಳ್ಳಿ. ನಾಲ್ಕನೆಯ ತಿಂಗಳಲ್ಲಿ ಯಾರೋ ಕೇಳಿದರೆಂದು ಸೂತ್ರಧಾರ ಫ್ಲ್ಯಾಂಕಿಂಗಿಗೆ ಒಪ್ಪಿಗೆ ಕೊಡುತ್ತಾನೆ. ಆ ಹುಡುಗಿಯಿಂದ ಯಾರೂ ಏನನ್ನೂ ಕಿತ್ತುಕೊಳ್ಳಲಿಲ್ಲ. ಅವಳ ಹಾಳೆಯ ಮೇಲಿನ ಒಂದಂಕವೂ ಅಳಿಯಲಿಲ್ಲ. ಆದರೂ ಅವಳ ಆಯ್ಕೆ ಅಗ್ಗವಾಯಿತು. ತನಗೆ ಅನ್ಯಾಯವಾಯಿತೆಂದು ತೋರಿಸಿಕೊಡಲು ಅವಳಲ್ಲಿ ಮಾತುಗಳಿಲ್ಲದಿರಬಹುದು. ಆಟ ಏಕೋ ಮೊದಲಿನಂತೆ ರುಚಿಸುತ್ತಿಲ್ಲವೆಂದು ಮಾತ್ರ ಅನ್ನಿಸೀತು. ಆದ್ದರಿಂದ ಐಚ್ಛಿಕ ನಿಯಮಗಳ ತೀರ್ಮಾನ ಪಾತ್ರಗಳು ಹುಟ್ಟುವ ಮೊದಲೇ, ಎಲ್ಲರೂ ಕೂಡಿದ ಮೊದಲ ಸಭೆಯಲ್ಲಿ ಆಗಬೇಕು. ನಡುವೆ ಬದಲಾಯಿಸುವುದು ಅನಿವಾರ್ಯವಾದರೆ, ಯಾರ ಪಾತ್ರಕ್ಕೆ ಹಾನಿಯೋ ಅವರನ್ನು ಮೊದಲು ಕೇಳಬೇಕು. ಬೇಕಾದರೆ ಹೊಸದಾಗಿ ಆಯ್ದುಕೊಳ್ಳಲು ಅವರಿಗೆ ಅವಕಾಶ ಕೊಡಬೇಕು. ಹೊಸ ನಿಯಮ ಬೇಕೆನ್ನುವವನು ಯಾವಾಗಲೂ ಜೋರಾಗಿ ಮಾತಾಡುತ್ತಾನೆ, ಅದರಿಂದ ನಷ್ಟಪಡುವವನು ಮೌನವಾಗಿರುತ್ತಾನೆ. ಸೂತ್ರಧಾರ ಕಿವಿಗೊಡಬೇಕಾದದ್ದು ಎರಡನೆಯವನಿಗೆ.

2014ರ ಗ್ರಂಥಗಳು ಉದಾರವಾದ ಗ್ರಂಥಗಳು. ಇಷ್ಟೊಂದು ಬಾಗಿಲುಗಳನ್ನು ತೆರೆದಿಟ್ಟು, ನಿಮ್ಮ ಮನೆಯನ್ನು ನೀವೇ ಕಟ್ಟಿಕೊಳ್ಳಿ ಎಂದ ಅವುಗಳ ಮನೋಧರ್ಮವನ್ನು ನಾನು ಮೆಚ್ಚುತ್ತೇನೆ. ಒಂದೊಂದು ವಿಕಲ್ಪದ ಕೆಳಗೂ ಇದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ, ಯಾವ ಕಥೆಗೆ ಒಪ್ಪಿಗೆ ಎಂದು ಎರಡೆರಡು ಸಾಲು ಬರೆದಿದ್ದರೆ ಗ್ರಂಥದ ಗಾತ್ರ ಹೆಚ್ಚೇನೂ ಬೆಳೆಯುತ್ತಿರಲಿಲ್ಲ. ಅವರು ಬರೆಯದೆ ಬಿಟ್ಟ ಆ ಎರಡು ಸಾಲನ್ನು ಪ್ರತಿಯೊಂದು ಮೇಜಿನವರೂ ತಾವೇ ಬರೆದುಕೊಂಡು, ಎಲ್ಲರಿಗೂ ಓದಿ ಹೇಳಿ, ಆಮೇಲೆ ದಾಳವನ್ನು ಕೈಗೆ ತೆಗೆದುಕೊಳ್ಳುವುದು ಲೇಸು.